ಉರಿ ಬೇರೆ, ಕೆಂಡ ಬೇರೆ: ನನ್ನ ಮೊದಲ ಗ್ರಿಲ್ ಪಾಠಗಳು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಇವತ್ತು ಕೋಡ್ ಬಗ್ಗೆ ಅಲ್ಲ, ಇದ್ದಿಲಿನ ಬಗ್ಗೆ ಮಾತಾಡ್ತೀನಿ.

ಕಳೆದ ವರ್ಷ ಮುಚ್ಚಳ ಇರೋ ಒಂದು ಇದ್ದಿಲಿನ ಗ್ರಿಲ್ ತಗೊಂಡೆ. ಎಂಟೆಕ್ ಮಾಡಿದೀನಿ, ಕೋಳಿ ಸುಡೋದೇನು ಮಹಾ ಅಂದ್ಕೊಂಡೆ. ಮೂರು ಮನೆಯವರನ್ನ ಟೆರೇಸಿಗೆ ಊಟಕ್ಕೆ ಕರೆದೆ. ಉರಿ ಚೆನ್ನಾಗಿ ಎದ್ದಿದ್ದು ನೋಡಿ ಮಸಾಲೆ ಹಚ್ಚಿದ ಕೋಳಿ ಕಾಲುಗಳನ್ನ ಮೇಲಿಟ್ಟೆ. ಹತ್ತೇ ನಿಮಿಷದಲ್ಲಿ ಹೊರಗೆಲ್ಲಾ ಕರಕಲು. ಮುರಿದು ನೋಡಿದ್ರೆ ಮೂಳೆ ಹತ್ರ ಇನ್ನೂ ಹಸಿ. ಬಂದವರಿಗೆ ಹೋಟೆಲ್ ಬಿರಿಯಾನಿ ತರಿಸಿದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಹಾಸನದ ಹತ್ರ ನಮ್ಮೂರು. ಅಮ್ಮ ಗ್ರಿಲ್ ನೋಡಿದವರಲ್ಲ, ಆದ್ರೆ ಸುಟ್ಟ ಬದನೆಕಾಯಿ ಗೊಜ್ಜು ಮಾಡೋದ್ರಲ್ಲಿ ಎತ್ತಿದ ಕೈ. ಕೇಳಿದ್ದು ಒಂದೇ ಪ್ರಶ್ನೆ: "ಉರಿ ಮೇಲೆ ಇಟ್ಟ್ಯೋ, ಕೆಂಡದ ಮೇಲೆ ಇಟ್ಟ್ಯೋ? ಬೂದಿ ಕೂರೋ ತನಕ ಕಾಯ್ಬೇಕು ಕಣೋ."

ನನ್ನ ತಪ್ಪು ಅಲ್ಲೇ ಇತ್ತು. ಆಮೇಲೆ ಕಲಿತಿದ್ದು ಇಷ್ಟು. ಒಂದು, ಇದ್ದಿಲು ಹೊತ್ತಿಸಿ ಸುಮಾರು 20ರಿಂದ 30 ನಿಮಿಷ ಕಾಯಬೇಕು. ಮೇಲೆ ಬಿಳಿ ಬೂದಿ ಕಂಡಾಗಲೇ ಅಡುಗೆ ಶುರು. ಎರಡು, ಕೆಂಡವನ್ನೆಲ್ಲ ಒಂದೇ ಪಕ್ಕಕ್ಕೆ ತಳ್ಳಬೇಕು. ಕೆಂಡದ ಮೇಲೆ ಬಣ್ಣ ಬರಿಸಿ, ಖಾಲಿ ಪಕ್ಕಕ್ಕೆ ಸರಿಸಿ ಮುಚ್ಚಳ ಹಾಕಿದ್ರೆ ಬಿಸಿಗಾಳಿ ಸುತ್ತಾಡಿ ಒಳಗೂ ಬೇಯತ್ತೆ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೂ ಕೋಳಿಯನ್ನ ಆ ಪಕ್ಕಕ್ಕೇ ಎಳೆದ್ರೆ ಸಾಕು. ಮೂರು, ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳೋಕಾಗಲ್ಲ. ಅಡುಗೆ ಥರ್ಮಾಮೀಟರನ್ನ ಮೂಳೆಗೆ ತಾಗದ ಹಾಗೆ ಮಾಂಸದ ದಪ್ಪ ಭಾಗಕ್ಕೆ ಚುಚ್ಚಿ. ಕೋಳಿಗೆ 74 ಡಿಗ್ರಿ ಸೆಲ್ಸಿಯಸ್ ಬರಲೇಬೇಕು.

ಈಗ ನಿಜವಾಗಿ ಹೇಳಬೇಕಾದ ವಿಷಯ. ಜುಲೈ ತಿಂಗಳ ಒಂದು ಸಂಜೆ, ಕೆಂಡ ಸರಿಯಾಗಿ ಹದಕ್ಕೆ ಬಂದಾಗ ಮಳೆ ಶುರುವಾಯ್ತು. ಮನೆ ಟೆರೇಸಿಗೆ ಅಂಟಿಕೊಂಡೇ ಇದೆ. ಹತ್ತು ನಿಮಿಷ ತಾನೇ ಅಂತ ಗ್ರಿಲ್ಲನ್ನ ಗಾಜು ಹಾಕಿಸಿದ ಬಾಲ್ಕನಿಗೆ ಎಳ್ಕೊಂಡೆ. ಒಂದು ಕಿಟಕಿ ತೆಗೆದೇ ಇತ್ತು. ಹೊಗೆ ಇರಲಿಲ್ಲ, ವಾಸನೆಯೂ ಇಲ್ಲ. ಸ್ವಲ್ಪ ಹೊತ್ತಿಗೆ ಹೆಂಡತಿ "ತಲೆ ಸಿಡೀತಿದೆ ರೀ" ಅಂದಳು. ಮಗಳು ಸೋಫಾ ಮೇಲೆ ತೂಕಡಿಸ್ತಿದ್ದಳು, ಅದೂ ಸಂಜೆ ಏಳು ಗಂಟೆಗೆ. ಆಗ ನನಗೆ ಹೊಳೀತು. ಮಗಳನ್ನ ಎತ್ಕೊಂಡು ಎಲ್ಲರೂ ಹೊರಗೆ ಓಡಿದ್ವಿ, ಅಲ್ಲಿಂದ ಸೀದಾ ಆಸ್ಪತ್ರೆಗೆ. ದೇವರ ದಯೆ, ಏನೂ ಆಗಲಿಲ್ಲ.

ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ; ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯತ್ತೆ. ಅಡುಗೆಗೆ ಹೇಳಿ ಮಾಡಿಸಿದ ಹೊಗೆಯಿಲ್ಲದ ಕೆಂಡವೇ ಅದನ್ನ ಬಿಡ್ತಾ ಇರತ್ತೆ. ದೆಹಲಿ ಕಡೆ ಇರೋರು ಚಳಿಗಾಲದಲ್ಲಿ ಓದಿರ್ತೀರಿ, ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಬೆಳಗ್ಗೆ ಏಳಲಿಲ್ಲ ಅಂತ. ಅದೂ ಇದೇ ಅನಿಲ. ಕಿಟಕಿ ತೆರೆದಿದ್ರೆ ಸಾಕು ಅನ್ನೋದು ಸುಳ್ಳು ಧೈರ್ಯ. ಅಡುಗೆ ಮುಗಿದ ಮೇಲೂ ಕೆಂಡ ಪೂರ್ತಿ ಆರೋ ತನಕ ಗ್ರಿಲ್ ಬಯಲಲ್ಲೇ ಇರಬೇಕು.

ಈಗ ಮಳೆ ಬಂದ್ರೆ ಕೋಳಿಯನ್ನ ಒಳಗೆ ತಂದು ಗ್ಯಾಸ್ ಮೇಲೆ ಸಾರು ಮಾಡ್ತೀವಿ. ಗ್ರಿಲ್ ಮಾತ್ರ ಹೊರಗೇ ನೆನೆಯತ್ತೆ. ನೀವೂ ಹಾಗೇ ಮಾಡಿ.