ಮಾಸ್ತಿ ಹುಡುಕಿದರೆ ಶ್ರೀನಿವಾಸರೂ ಸಿಗಬೇಕು

ಮಿಯಾಪುರದಲ್ಲಿರೋ ನಮಗೆ ಹತ್ತಿರದ ಉದಾಹರಣೆ ಇದೇ ಊರಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ. ಅಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ಹೆಸರು ಇದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ. ‘ಸಂಚಯ’ ತಂಡ ಜನರ ಸಹಾಯದಿಂದ ಅವನ್ನು ಕನ್ನಡಕ್ಕೆ ತಂದು, ಹುಡುಕೋ ಹಾಗೆ ಮಾಡಿತು.

ಆದರೂ ಒಂದು ತೊಡಕಿದೆ. ಮಾಸ್ತಿಯವರು ಕಥೆ ಬರೆದದ್ದು ‘ಶ್ರೀನಿವಾಸ’ ಅನ್ನೋ ಹೆಸರಲ್ಲಿ. ಪಟ್ಟಿಯಲ್ಲಿ ಬರೀ ‘ಶ್ರೀನಿವಾಸ’ ಅಂತಿದ್ದರೆ, ‘ಮಾಸ್ತಿ’ ಅಂತ ಹುಡುಕಿದವರಿಗೆ ಆ ಪುಸ್ತಕ ಸಿಗಲ್ಲ. ಸಿಗದ ಪುಸ್ತಕ ಇದ್ದೂ ಇಲ್ಲದ ಹಾಗೆ.

2012ರಲ್ಲಿ ಶುರುವಾದ ವಿಕಿಡೇಟಾದಲ್ಲಿ ಒಬ್ಬ ಲೇಖಕರಿಗೆ ಒಂದೇ ನಂಬರು. ಕಾವ್ಯನಾಮ, ಬೇರೆ ಬೇರೆ ಸ್ಪೆಲ್ಲಿಂಗ್ ಎಲ್ಲಾ ಅದರ ಕೆಳಗೆ. ಆ ನಂಬರನ್ನು ಪುಸ್ತಕದ ದಾಖಲೆಗೆ ಜೋಡಿಸಿದರೆ ಯಾವ ಹೆಸರಲ್ಲಿ ಹುಡುಕಿದರೂ ಸಿಗುತ್ತೆ. ಆದರೆ ಈ ಶ್ರೀನಿವಾಸರು ಮಾಸ್ತಿಯವರೇನಾ ಅಂತ ಖಚಿತಪಡಿಸೋಕೆ ಕನ್ನಡ ಓದಿದವರೇ ಬೇಕು. ಕೋಡ್ ಆಮೇಲೆ. ಮೊದಲು ವಾರಕ್ಕೆ ಹತ್ತು ಹೆಸರು ಜೋಡಿಸೋಣ, ಬನ್ನಿ.