ಮುಸ್ತಫಾ ಗೇಮ್ ಮತ್ತು ನಮ್ಮ ಹಂಬಲ



‘ಹಳೆಯ ವಿಡಿಯೋ ಗೇಮ್ ಮತ್ತು ಗತಕಾಲದ ಹಂಬಲ’ ಎಂಬ ಈ ಸಂಕಿರಣದ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಓದಿ ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸಿರುತ್ತೀರಿ. ಹಂಪಿಯ ಮಗ್ಗುಲ ಹೊಸಪೇಟೆಯಲ್ಲೇ ಕೂತು ಶಾಸನ, ಕಾಲುವೆ, ಬೇಸಾಯ ಎಲ್ಲ ಬಿಟ್ಟು ಇದೆಂಥ ಹುಡುಗಾಟಿಕೆ ಎಂದು. ನಮ್ಮ ಮೇಷ್ಟರೂ ಹೀಗೇ ಕೇಳುತ್ತಿದ್ದರು, ಬೆತ್ತ ಹಿಡಿದು ಕೇಳುತ್ತಿದ್ದರು ಅಷ್ಟೆ. ಇವತ್ತು ಅದಕ್ಕೆ ಉತ್ತರ ಕೊಡುವ ಅವಕಾಶ ಸಿಕ್ಕಿದೆ.

ಒಂದು ಆಟದಿಂದ ಶುರು ಮಾಡುತ್ತೇನೆ. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’ ಎಂಬ ಆಟವನ್ನು ಹೊರತಂದಿತು. ಅದಕ್ಕೆ ಆಧಾರ ಅಮೆರಿಕದ ಮಾರ್ಕ್ ಶುಲ್ಟ್ಜ್ ರಚಿಸಿದ ಕಾಮಿಕ್ಸ್. ಆಡುವವರು ಆರಿಸಿಕೊಳ್ಳಲು ಅದರಲ್ಲಿ ನಾಲ್ವರು: ಜ್ಯಾಕ್, ಹನ್ನಾ, ಮುಸ್ತಫಾ, ಮೆಸ್. ಕಾಮಿಕ್ಸಿನ ನಾಯಕ ಜ್ಯಾಕ್. ಈ ಸಭೆಯಲ್ಲಿ ಜ್ಯಾಕನ ಹೆಸರು ಗೊತ್ತಿದ್ದವರು ಎಷ್ಟು ಜನ? ಹಳದಿ ಟೋಪಿ ಹಾಕಿಕೊಂಡು ಓಡಿಬಂದು ಹಾರಿ ಒದೆಯುವ ಮುಸ್ತಫಾನ ಹೆಸರು ಮಾತ್ರ ನಲವತ್ತು ದಾಟಿದ ಎಲ್ಲರಿಗೂ ಗೊತ್ತು. ಹೊಸಪೇಟೆಯಲ್ಲಷ್ಟೇ ಅಲ್ಲ, ದೇಶದ ಎಷ್ಟೋ ಊರುಗಳ ಗೇಮ್ ಅಂಗಡಿಗಳಲ್ಲಿ ಅದು ‘ಮುಸ್ತಫಾ ಗೇಮ್’. ನಾಲ್ವರಲ್ಲಿ ಚುರುಕಾದವನು ಅವನು. ಒಂದು ರೂಪಾಯಿಗೆ ಹೆಚ್ಚು ಹೊತ್ತು ಬದುಕಿಸುತ್ತಿದ್ದವನೂ ಅವನೇ. ಕಥೆ ಏನೆಂದು ಯಾರೂ ಕೇಳಲಿಲ್ಲ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬಂದರೆ ಗುಂಡಿ ಒತ್ತಿ ಅದನ್ನು ದಾಟಿಸಿಬಿಡುವುದೇ ನಮ್ಮ ಓದಾಗಿತ್ತು.

ಇವತ್ತಿನ ನನ್ನ ಮಾತಿನ ತಿರುಳು ಇಲ್ಲೇ ಇದೆ. ಹಳೆಯ ಗೇಮ್‌ಗಳ ಹಂಬಲದ ಬಗ್ಗೆ ಜಗತ್ತಿನಲ್ಲಿ ಬಂದಿರುವ ಬರಹವೆಲ್ಲ ಬಹುಪಾಲು ಅಮೆರಿಕ ಮತ್ತು ಜಪಾನಿನ ಮಕ್ಕಳದ್ದು. ಹುಟ್ಟುಹಬ್ಬಕ್ಕೆ ಡಬ್ಬಿಯಲ್ಲಿ ಬಂದ ಯಂತ್ರ, ಜೊತೆಗೆ ಬಂದ ಪುಸ್ತಿಕೆ, ತನ್ನದೇ ಕೋಣೆ, ತನ್ನದೇ ಟಿವಿ. ಅವರ ನೆನಪು ಅಲ್ಲಿಂದ ಶುರುವಾಗುತ್ತದೆ. ನಮ್ಮದು ಹಾಗೆ ಶುರುವಾಗಲೇ ಇಲ್ಲ. ನಮಗೆ ಆಟ ಬಂದದ್ದು ನಕಲಾಗಿ, ಬಾಡಿಗೆಯಾಗಿ, ಹತ್ತು ಜನರ ನಡುವೆ. ಆದ್ದರಿಂದ ನಮ್ಮ ಹಂಬಲದ ಅಧ್ಯಯನವೂ ನಿಂಟೆಂಡೊ ಕಂಪನಿಯ ಚರಿತ್ರೆಯಿಂದಲ್ಲ, ಅಂಗಡಿಯ ಬೆಂಚಿನಿಂದ ಶುರುವಾಗಬೇಕು.

ಆ ಬೆಂಚನ್ನು ಸ್ವಲ್ಪ ನೋಡೋಣ. ತೊಂಬತ್ತರ ದಶಕ. ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರದ ತದ್ರೂಪುಗಳು ಸಮುರಾಯ್, ಮೀಡಿಯಾ ಮುಂತಾದ ಹೆಸರುಗಳಲ್ಲಿ, ಆಮೇಲೆ ಹೆಸರೇ ಇಲ್ಲದ ಚೀನಾ ಮಾಲಾಗಿ ನಮ್ಮ ಪೇಟೆಗಳಿಗೆ ಇಳಿದವು. ಹೊಸಪೇಟೆಯ ಐಎಸ್‌ಆರ್ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಹೋಗುತ್ತಿದ್ದ ಕಾಲ ಅದು. ಎಸ್‌ಟಿಡಿ ಬೂತ್ ಪಕ್ಕ, ಕ್ಯಾಸೆಟ್ ಅಂಗಡಿಯ ಹಿಂದೆ, ಯಾರದೋ ಮನೆಯ ಪಡಸಾಲೆಯಲ್ಲಿ ಒಂದು ಟಿವಿ, ಎರಡು ರಿಮೋಟು. ಹೌದು, ನಾವು ಅದನ್ನು ರಿಮೋಟ್ ಎಂದೇ ಕರೆದೆವು. ಗಂಟೆ ಲೆಕ್ಕದಲ್ಲಿ ದುಡ್ಡು. ಆಡುವವರು ಇಬ್ಬರು, ನೋಡುವವರು ಎಂಟು ಮಂದಿ. ಆ ಎಂಟು ಮಂದಿ ಸುಮ್ಮನಿರುತ್ತಿದ್ದರೇ? “ಎಗರಲೇ, ಎಗರು!”, “ಅಣಾ, ಆ ಗನ್ ಬ್ಯಾಡ, ಸ್ಪ್ರೆಡ್ ಗನ್ ತಗಾ”, “ಔಟಾದ್ರೆ ನನಗ ಕೊಡಬೇಕು ನೋಡು ಮತ್ತ.” ಜೇಬಿನಲ್ಲಿ ಕಾಸಿಲ್ಲದವನೂ ‘ಕಾಂಟ್ರಾ’ ಆಟದ ಮೊದಲ ಸ್ಟೇಜಿನಲ್ಲಿ ಯಾವ ಮರದ ಹಿಂದೆ ಯಾರು ಬರುತ್ತಾರೆ ಎಂದು ಕಂಠಪಾಠ ಹೇಳುತ್ತಿದ್ದ. ಸ್ವಂತ ಕೈಯಲ್ಲಿ ಒಮ್ಮೆಯೂ ಆಡದೆ ಆಟ ಕಲಿತವರು ನಮ್ಮಲ್ಲಿ ಇದ್ದರು.

ಮೊದಲ ಸ್ಟೇಜು ಎಂದೆ. ಮೊದಲ ಸ್ಟೇಜೇ ಏಕೆ ಎಂಬುದು ಯಾರೂ ಅಷ್ಟಾಗಿ ಗಮನಿಸದ ಸಂಗತಿ. ಅಂದಿನ ಬಹುತೇಕ ಗೇಮ್ ಕ್ಯಾಸೆಟ್‌ಗಳಲ್ಲಿ ಆಟವನ್ನು ಉಳಿಸಿಟ್ಟುಕೊಳ್ಳುವ ಸೌಲಭ್ಯವಿರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲಿಂದ. ಗಂಟೆ ಮುಗಿದರೆ ಮತ್ತೆ ಮೊದಲಿಂದ. ಮನೆಯಲ್ಲಿ ಟಿವಿ ಇದ್ದವರಿಗೆ ಅಪ್ಪ ವಾರ್ತೆ ನೋಡಲು ಬಂದರೆ ಮತ್ತೆ ಮೊದಲಿಂದ. ಹೀಗಾಗಿ 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಮೊದಲ ನೂರು ಹೆಜ್ಜೆ ನಮಗೆ ನಿದ್ದೆಯಲ್ಲೂ ಬರುತ್ತದೆ. ಅದರ ಎಂಟನೆಯ ಲೋಕವನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು. ಇನ್ನು ‘9999 ಇನ್ ಒನ್’ ಕ್ಯಾಸೆಟ್ಟಿನ ಮೋಸ ನಿಮಗೆಲ್ಲ ಗೊತ್ತಿದೆ. ಒಳಗೆ ಇದ್ದ ಬೇರೆ ಬೇರೆ ಆಟಗಳು ಕೆಲವೇ. ಉಳಿದದ್ದೆಲ್ಲ ಅದೇ ಆಟ, ಬೇರೆ ಹೆಸರು, ಶುರುವಾಗುವ ಸ್ಟೇಜು ಮಾತ್ರ ಬದಲು. ನಾವು ಬೈದುಕೊಂಡೆವು. ಆದರೆ ಮುಂದಿನ ಸ್ಟೇಜುಗಳನ್ನು ನಮಗೆ ತೋರಿಸಿದ್ದೂ ಆ ಮೋಸವೇ.

ಈಗ ಹಂಬಲದ ಬಗ್ಗೆ ಪಂಡಿತರು ಏನು ಹೇಳಿದ್ದಾರೆ ಎಂಬುದನ್ನು ಬೇಗ ಮುಗಿಸುತ್ತೇನೆ, ಮಧ್ಯಾಹ್ನದ ಗೋಷ್ಠಿಯಲ್ಲಿ ಅದನ್ನು ವಿವರಿಸುವವರಿದ್ದಾರೆ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಬಾಸೆಲ್‌ನಲ್ಲಿ ಈ ಹಂಬಲವನ್ನು ಒಂದು ಕಾಯಿಲೆ ಎಂದು ದಾಖಲಿಸಿದ. ಮುನ್ನೂರು ವರ್ಷಗಳ ಬಳಿಕ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡಿಸ್, ಟಿಮ್ ವೈಲ್ಡ್‌ಶುಟ್ ಮುಂತಾದವರು ಅದು ಕಾಯಿಲೆಯಲ್ಲ, ಒಂಟಿತನಕ್ಕೆ ಮನಸ್ಸು ತಾನೇ ಮಾಡಿಕೊಳ್ಳುವ ಔಷಧ ಎಂಬ ಕಡೆಗೆ ಬಂದರು. 2006ರ ಅವರ ಅಧ್ಯಯನದಲ್ಲಿ ಜನ ಬರೆದುಕೊಟ್ಟ ಹಂಬಲದ ನೆನಪುಗಳಲ್ಲಿ ಮುಖ್ಯವಾಗಿ ಕಂಡದ್ದು ತಾವು ಮತ್ತು ತಮ್ಮ ಹತ್ತಿರದ ಜನ. ವಸ್ತುಗಳು ಹಿಂದೆ ಉಳಿದಿದ್ದವು. ಬೆಂಚಿನ ಮೇಲೆ ಕೂತ ಎಂಟು ಮಂದಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ನೆನಪಲ್ಲಿ ಉಳಿಯುವುದು ವಸ್ತುವಲ್ಲ, ಜನ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2017ರಲ್ಲಿ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಆಟ ಬಂತು. ಪಶ್ಚಿಮ ಘಟ್ಟ, ಹೊಯ್ಸಳರು, ಹಳೇಬೀಡು ಎಲ್ಲ ಅದರಲ್ಲಿ ಇವೆ. ಪರದೆಯ ಮೇಲೆ ಎಲೆಯೆಲೆಯೂ ಅಲುಗಾಡುತ್ತದೆ. ಕನ್ನಡ ನಾಡಿನ ಮೇಲೆ ಅಷ್ಟು ದುಡ್ಡು ಸುರಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ. ಆದರೂ ನನ್ನ ವಯಸ್ಸಿನವರು ನಿಟ್ಟುಸಿರು ಬಿಡುವುದು ಇಟ್ಟಿಗೆ ಗೋಡೆಯ ನಡುವೆ ಸುತ್ತುವ ಚೌಕ ಚೌಕವಾದ ಟ್ಯಾಂಕ್ ಗೇಮಿಗೆ. ಟ್ಯಾಂಕ್ ಗೇಮ್ ಉತ್ತಮ ಎಂದಲ್ಲ. ಅಲ್ಲಿ ನಾವು ಕಾಯಬೇಕಾದ ಹದ್ದನ್ನು ನಾವೇ ಹೊಡೆದುಹಾಕಿ ಪಕ್ಕದವನ ಮೇಲೆ ತಪ್ಪು ಹೊರಿಸಬಹುದಿತ್ತು. ಪಕ್ಕದವನು ಇದ್ದ.

ಆದರೆ ಹಂಬಲ ಸಂಗಾತಿಗಳ ವಿಷಯದಲ್ಲಿ ಒಳ್ಳೆಯ ಸಾಕ್ಷಿಯಾದರೂ ಮಿಕ್ಕ ವಿಷಯಗಳಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. ಸಣ್ಣ ಉದಾಹರಣೆ: ಕ್ಯಾಸೆಟ್ ಓಡದಿದ್ದರೆ ಊದುತ್ತಿದ್ದೆವು. ಊದಿದರೆ ಸರಿಹೋಗುತ್ತಿತ್ತು ಎಂದು ಇವತ್ತಿಗೂ ಪ್ರಮಾಣ ಮಾಡುವವರಿದ್ದಾರೆ. ಸರಿಹೋಗುತ್ತಿದ್ದದ್ದು ತೆಗೆದು ಮತ್ತೆ ಸಿಕ್ಕಿಸಿದ್ದರಿಂದ. ತಾಮ್ರದ ಪಟ್ಟಿಗಳು ಹೊಸದಾಗಿ ಕೂಡಿಕೊಳ್ಳುತ್ತಿದ್ದವು. ಉಸಿರಿನ ತೇವ ಆ ಪಟ್ಟಿಗಳನ್ನು ಕಾಲಕ್ರಮೇಣ ಕೆಡಿಸುತ್ತಿತ್ತು.

ದೊಡ್ಡ ಉದಾಹರಣೆ: ಬೆಂಚಿನ ಮೇಲೆ ಯಾರಿರಲಿಲ್ಲ? ಹುಡುಗಿಯರಿರಲಿಲ್ಲ. ‘ನಾವೆಲ್ಲ ಆಡಿ ಬೆಳೆದೆವು’ ಎಂದು ಹೇಳಿಕೊಳ್ಳುವಾಗ ಆ ‘ಎಲ್ಲ’ದಲ್ಲಿ ಅಕ್ಕತಂಗಿಯರನ್ನು ನಾವು ಸದ್ದಿಲ್ಲದೆ ಸೇರಿಸಿಕೊಂಡುಬಿಡುತ್ತೇವೆ. ಅಂಗಡಿಗೆ ಅವರು ಬರುವಂತಿರಲಿಲ್ಲ. ಅವರ ಆಟದ ನೆನಪು ಬೇರೆ ಕಡೆ ಇದೆ: ಜಾತ್ರೆಯಲ್ಲಿ ಕೊಂಡ ಕೈಯಲ್ಲಿ ಹಿಡಿಯುವ ಬ್ರಿಕ್ ಗೇಮ್, ಆಮೇಲೆ ಅಪ್ಪನ ನೋಕಿಯಾ ಫೋನಿನ ಹಾವು. ಅದರ ಬಗ್ಗೆ ಬರೆದವರು ಕಡಿಮೆ. ಈ ಸಂಕಿರಣದಲ್ಲೂ ಅದರ ಮೇಲೆ ಒಂದೇ ಒಂದು ಪ್ರಬಂಧವಿದೆ ಎಂಬುದನ್ನು ಆಯೋಜಕರ ಗಮನಕ್ಕೆ ತರುತ್ತೇನೆ.

ಇನ್ನೊಂದು ಕಡೆಯಿಂದ ನೋಡಿದರೆ ಆ ಅಂಗಡಿಗಳು ಪೊಲೀಸು ಕಡತದಲ್ಲೂ ಇವೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣ, ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ, 1995ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವಿಡಿಯೋ ಗೇಮ್ ಕೌಶಲದ ಆಟವೋ ಅದೃಷ್ಟದ ಆಟವೋ, ಅಂಗಡಿಗೆ ಪರವಾನಗಿ ಬೇಕೋ ಬೇಡವೋ ಎಂಬ ವಾದ. ಪರವಾನಗಿಯ ಮೂಲಕ ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕಿದೆ ಎಂದು ಕೋರ್ಟು ಎತ್ತಿಹಿಡಿಯಿತು. ನಮ್ಮ ನೆನಪಿನ ಸ್ವರ್ಗ ಆ ತೀರ್ಪಿನ ಭಾಷೆಯಲ್ಲಿ ಜೂಜಿನ ಪಕ್ಕದ ಮನೆ. ಸಂಶೋಧಕರು ನೆನಪು, ತೀರ್ಪು ಎರಡನ್ನೂ ಓದಬೇಕು.

ಸ್ಥಳೀಯವಾದ ಮತ್ತೊಂದು ಮಾತು ಹೇಳದಿದ್ದರೆ ಹೊಸಪೇಟೆಯಲ್ಲಿ ನಿಂತು ಮಾತಾಡಿದ್ದು ದಂಡ. ಇಲ್ಲಿ 2002ರ ‘ಜಿಟಿಎ ವೈಸ್ ಸಿಟಿ’ಯ ಹಂಬಲ ಗಣಿ ಕಾಲದ ಹಂಬಲದೊಂದಿಗೆ ಹೆಣೆದುಕೊಂಡಿದೆ. ಸಂಡೂರಿನ ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲೇ ಕಂಪ್ಯೂಟರ್ ಸೆಂಟರ್‌ಗಳು ತಲೆಯೆತ್ತಿದವು, ನಕಲಿ ಸಿಡಿಗಳು ಬಂದವು, ಹುಡುಗರ ಕೈಯಲ್ಲಿ ದುಡ್ಡು ಆಡಿತು. 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ‘ವೈಸ್ ಸಿಟಿ ಆಡುತ್ತಿದ್ದ ಕಾಲವೇ ಕಾಲ’ ಎಂದು ಇಲ್ಲಿಯವನೊಬ್ಬ ಹೇಳಿದರೆ ಅವನು ಆಟವನ್ನು ಹೊಗಳುತ್ತಿದ್ದಾನೋ ಆ ದುಡ್ಡನ್ನೋ ಎಂದು ಕೇಳಿ ನೋಡಬೇಕು. ಆ ಕಾಲದಲ್ಲಿ ಒಣಗಲು ಹಾಕಿದ ಬಟ್ಟೆಯೆಲ್ಲ ಅದಿರಿನ ಧೂಳಿಗೆ ಸಂಜೆಯೊಳಗೆ ಕೆಂಪಾಗುತ್ತಿದ್ದದ್ದು ಆ ಹೊಗಳಿಕೆಯಲ್ಲಿ ಬರುವುದಿಲ್ಲ.

ಹಾಗಾದರೆ ಹಳೆಯ ಆಟದ ಸುಖವೆಲ್ಲ ಬರೀ ನೆನಪೇ? ಅಲ್ಲ. ನೆನಪಿಲ್ಲದವರ ಕೈಗೆ ಆಟ ಕೊಟ್ಟು ನೋಡುವುದು ಸರಿಯಾದ ಪರೀಕ್ಷೆ. ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಮಾಸ್ಕೋದಲ್ಲಿ ರೂಪಿಸಿದ ಟೆಟ್ರಿಸ್ ಆ ಪರೀಕ್ಷೆ ಪಾಸಾಗಿದೆ. 1989ರಲ್ಲಿ ನಿಂಟೆಂಡೊ ಯಂತ್ರಕ್ಕೆ ಬಂದ ಅದರ ರೂಪವನ್ನು ಯಂತ್ರವೇ ಸ್ತಬ್ಧವಾಗುವ ತನಕ ಆಡಿದ ಮೊದಲಿಗ ಒಕ್ಲಹಾಮಾದ 13 ವರ್ಷದ ಹುಡುಗ, 2023ರ ಡಿಸೆಂಬರ್‌ನಲ್ಲಿ. ಅವನಿಗೆ ಯಾವ ಬಾಲ್ಯದ ಹಂಬಲ? ನಮ್ಮಲ್ಲಿ ಅಂಥದ್ದೇ ಇನ್ನೊಂದು ‘ಕ್ರಿಕೆಟ್ 07’. ಇಎ ಸ್ಪೋರ್ಟ್ಸ್ ಕಂಪನಿ 2006ರಲ್ಲಿ ಅದನ್ನು ತಂದು ಆಮೇಲೆ ಆ ಸರಣಿಯನ್ನೇ ಕೈಬಿಟ್ಟಿತು. ಆಡುವವರು ಬಿಡಲಿಲ್ಲ. ವರ್ಷ ವರ್ಷ ಹೊಸ ಆಟಗಾರರನ್ನು, ಐಪಿಎಲ್ ಜೆರ್ಸಿಗಳನ್ನು ತಾವೇ ತಯಾರಿಸಿ ಸೇರಿಸುತ್ತಾ ಬಂದರು. ಅದು ಬಂದಾಗ ತೊಟ್ಟಿಲಲ್ಲಿದ್ದವರು ಇವತ್ತು ಅದನ್ನು ಆಡುತ್ತಿದ್ದಾರೆ. ಇಂಥ ಕಡೆ ಹಂಬಲ ದುಡಿಯುತ್ತದೆ. ಅದೇ ಪರೀಕ್ಷೆಗೆ ನಮ್ಮ ಮುಸ್ತಫಾನನ್ನು ಒಡ್ಡಿದರೆ? ನನ್ನ ತೀರ್ಮಾನ ಹೇಳುತ್ತೇನೆ, ಜಗಳಕ್ಕೆ ಬನ್ನಿ: ಒಬ್ಬನೇ ಆಡಿದರೆ ಅರ್ಧ ಗಂಟೆಗೆ ಬೇಸರ, ಮೂವರು ಕೂಡಿದರೆ ಇವತ್ತಿಗೂ ಹಬ್ಬ.

ಕೊನೆಗೆ ಹಂಪಿಗೆ ಬರುತ್ತೇನೆ. ಅಲ್ಲಿನ ಬಂಡೆಗಳ ಮೇಲೆ, ಮಂಟಪಗಳ ನೆಲಗಲ್ಲುಗಳಲ್ಲಿ ಆಟದ ಮನೆಗಳ ಗೀಟುಗಳಿವೆ, ಸಾಲು ಕುಳಿಗಳಿವೆ. ಕಾವಲಿನವನು ಕೊರೆದನೋ, ವ್ಯಾಪಾರಿಯೋ, ಆಮೇಲಿನ ದನಗಾಹಿಯೋ, ಕಲ್ಲು ಅದನ್ನು ಹೇಳುವುದಿಲ್ಲ. ಅವರ ಹಂಬಲ ಅವರೊಂದಿಗೇ ಮುಗಿಯಿತು. ಆದರೆ ಹುಲಿ-ಕುರಿ, ಅಳಗುಳಿಮಣೆ ಬಲ್ಲವರು ಇವತ್ತು ಒಂದಷ್ಟು ಹರಳು ಹೆಕ್ಕಿಕೊಂಡು ಅದೇ ಮನೆಗಳಲ್ಲಿ ಆಡಬಹುದು. ಮೂವತ್ತು ವರ್ಷ ಹಿಂದಿನ ನಮ್ಮ ಬಾತುಕೋಳಿ ಗೇಮನ್ನು ಹಾಗೆ ಆಡಲು ಬರುವುದಿಲ್ಲ. ಆ ಆಟದ ಬಂದೂಕು ಗುಂಡು ಹಾರಿಸುತ್ತಿರಲಿಲ್ಲ, ಬೆಳಕು ನೋಡುತ್ತಿತ್ತು. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತಿತ್ತು. ಬಂದೂಕಿನ ಕಣ್ಣಿಗೆ ಅದು ಬಿದ್ದರೆ ಕೋಳಿ ಬಿತ್ತು. ಆ ಲೆಕ್ಕ ಹಳೆಯ ಡಬ್ಬಿ ಟಿವಿಯ ಗತಿಗೆ ಹೊಂದಿಸಿದ್ದು. ಇಂದಿನ ತೆಳ್ಳನೆಯ ಟಿವಿ ಚಿತ್ರ ತೋರಿಸುವುದು ತುಸು ತಡ, ಅಷ್ಟಕ್ಕೇ ಬಂದೂಕು ಕುರುಡು. ಟಿವಿ ಗುಜರಿಗೆ ಹೋದರೆ ಆಟವೂ ಹೋಯಿತು.

ಹಳೆಯ ಆಟ ಉಳಿಸಿಕೊಳ್ಳುವುದರಲ್ಲಿ ಬೇರೆ ದೇಶಗಳಲ್ಲೂ ಸ್ಥಿತಿ ಚೆನ್ನಾಗಿಲ್ಲ. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಈಗ ಕೊಳ್ಳಲು ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಅವು ಅಧಿಕೃತ ಆಟಗಳು, ಪಟ್ಟಿಯಾದರೂ ಇದೆ. ನಮ್ಮ ನಕಲಿ ಕ್ಯಾಸೆಟ್‌ಗಳಿಗೆ ಪಟ್ಟಿ ಮಾಡುವವರು ಯಾರು? ತಯಾರಿಸಿದವನು ಹೆಸರು ಹಾಕಲಿಲ್ಲ, ಮಾರಿದವನು ರಸೀದಿ ಕೊಡಲಿಲ್ಲ, ಅಂಗಡಿಯವನು ಆಮೇಲೆ ಮೊಬೈಲ್ ರೀಚಾರ್ಜ್‌ಗೆ ಇಳಿದ. ಉಳಿದಿರುವ ದಾಖಲೆ ನಿಮ್ಮ ತಲೆಯೊಳಗಿನದು ಮಾತ್ರ.

ಅದಕ್ಕೇ ಈ ಎರಡು ದಿನ ನಿಮ್ಮಿಂದ ಕೇಳುವುದು ಇಷ್ಟು. ಪ್ರಬಂಧ ಮಂಡಿಸುವವರು ಹಂಬಲವನ್ನು ಹೊಗಳುವುದಕ್ಕೂ ಹಳಿಯುವುದಕ್ಕೂ ಮೊದಲು ಅದನ್ನು ಪಾಟೀಸವಾಲಿಗೆ ನಿಲ್ಲಿಸಿ. ಪ್ರಬಂಧ ಇಲ್ಲದವರು ಸುಮ್ಮನೆ ಹೋಗಬೇಡಿ: ಊಟದ ಹಾಲಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಿಮ್ಮ ಓಣಿಯ ಅಂಗಡಿ ಎಲ್ಲಿತ್ತು, ಗಂಟೆಗೆ ಎಷ್ಟು, ಯಾವ ಯಾವ ಆಟ, ಬೆಂಚಿನ ಮೇಲೆ ಯಾರಿದ್ದರು, ಯಾರಿಗೆ ಬರಲು ಬಿಡುತ್ತಿರಲಿಲ್ಲ, ಬರೆದುಹೋಗಿ. ಕಂಪ್ಲಿಯವರು, ಸಂಡೂರಿನವರು ನಿಮ್ಮ ಊರಿನದನ್ನೂ ಬರೆಯಿರಿ. ಮನೆಯ ಅಟ್ಟದ ಮೇಲೆ ಹಳೆಯ ಯಂತ್ರವೋ ಡಬ್ಬಿ ಟಿವಿಯೋ ಇದ್ದರೆ, ಗುಜರಿಯವನನ್ನು ಕರೆಯುವ ಮುಂಚೆ ದಯವಿಟ್ಟು ನಮಗೊಂದು ಫೋನ್ ಮಾಡಿ.