ಕಣ್ಣು ಎಳೆದಾಗ ಲಾರಿ ನಿಲ್ಲಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬಿ.ಇ. ಓದಿ ಬೆಂಗಳೂರು ಸೇರಿದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ಸಂಘಟಕರೂ "ಮಕ್ಕಳಿಗೆ ಐಟಿ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದಿದ್ದರು. ನಾನು ಲಾರಿ ಮತ್ತು ನಿದ್ದೆಯ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಅವರಿಗೆ ಕೃತಜ್ಞತೆಗಳು.

ಯಾಕೆ ಈ ವಿಷಯ? ಹಿರಿಯೂರು, ಶಿರಾ ಕಡೆಯ ಹೆದ್ದಾರಿಗೆ ಅಂಟಿಕೊಂಡ ಊರು ನಮ್ಮದು. ನಮ್ಮ ಬ್ಯಾಚಿನಲ್ಲಿ ಎಂಜಿನಿಯರ್ ಆದವರು ಇಬ್ಬರು. ಲಾರಿ ಡ್ರೈವರ್ ಆದವರು ಏಳು ಮಂದಿ. ಈ ಶಾಲೆಯ ಐವತ್ತು ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದರೆ ಹೆಚ್ಚುಕಡಿಮೆ ಪ್ರತಿ ಬ್ಯಾಚಿನಲ್ಲೂ ಇದೇ ಲೆಕ್ಕ ಸಿಗುತ್ತದೆ. ನಮ್ಮ ಈರುಳ್ಳಿ ಬೆಂಗಳೂರಿನ ಯಶವಂತಪುರ ಸೇರುವುದು, ಹೊರಗಿನ ಸಿಮೆಂಟು, ಗೊಬ್ಬರ ನಮ್ಮ ಹೊಲ ಮನೆ ಸೇರುವುದು ಇವರಿಂದ. ಆದರೂ ಶಾಲೆಯ ಸಾಧಕರ ಪಟ್ಟಿ ಮಾಡುವಾಗ ಇವರ ಹೆಸರು ಬರುವುದಿಲ್ಲ. ಇವತ್ತು ಈ ಮಾತು ಅವರಿಗೆ ಸಲ್ಲಲಿ.

ಎರಡನೆಯ ಕಾರಣ ನನ್ನ ಕೆಲಸ. ಸಾರಿಗೆ ಕಂಪನಿಗಳ ಲಾರಿಗಳು ಎಲ್ಲಿವೆ ಎಂದು ತೋರಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಉದ್ಯೋಗ. ಪರದೆಯ ಮೇಲೆ ಪ್ರತಿ ಲಾರಿಯೂ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಕೂತವನು ನನ್ನ ಪಕ್ಕದ ಬೆಂಚಿನವನು ಎಂಬುದು ನನಗೆ ಮರೆಯುವುದಿಲ್ಲ.

ಮೂರನೆಯ ಕಾರಣ ಹೇಳಲು ಕಷ್ಟ. ಆ ಏಳು ಮಂದಿಯಲ್ಲಿ ಈಗ ಆರು ಮಂದಿ ಇದ್ದಾರೆ. ತೀರಿಕೊಂಡ ಗೆಳೆಯನ ಮನೆಯವರು ಇಲ್ಲೇ ಕೂತಿದ್ದಾರೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ರಸ್ತೆ ಬದಿ ಕೆಟ್ಟು ನಿಂತಿದ್ದ ಇನ್ನೊಂದು ಲಾರಿಗೆ ಹಿಂದಿನಿಂದ ಅವನ ಗಾಡಿ ಹೊಡೆಯಿತು. ರಸ್ತೆಯ ಮೇಲೆ ಬ್ರೇಕ್ ಹಿಡಿದ ಗುರುತೇ ಇರಲಿಲ್ಲ. ಹಿಂದಿನ ದಿನ ಹಗಲೆಲ್ಲ ಒಂದು ಗೋದಾಮಿನ ಮುಂದೆ ಸರದಿಯಲ್ಲಿ ಕಾದು, ಸಂಜೆ ಲೋಡ್ ಮಾಡಿಸಿಕೊಂಡು, ರಾತ್ರಿ ಹೊರಟವನು ಅವನು. ಕುಡಿಯುವ ಅಭ್ಯಾಸ ಇರಲಿಲ್ಲ. ಕಾಗದದಲ್ಲಿ ಬಂದದ್ದು ಮಾತ್ರ ಎರಡೇ ಪದ: ಅತಿವೇಗ ಮತ್ತು ಅಜಾಗರೂಕತೆ.

ಆ ಪದವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಜಾಗರಣೆ, ಜಾಗರೂಕತೆ ಎರಡೂ ಒಂದೇ ಮೂಲದ ಮಾತು. ನಮ್ಮ 'ಎಚ್ಚರ'ವೂ ಹಾಗೇ. ನಿದ್ದೆಯಿಂದ ಎದ್ದಿರುವುದೂ ಎಚ್ಚರ, ಜೋಪಾನವಾಗಿರುವುದೂ ಎಚ್ಚರ. ರಾತ್ರಿಯಿಡೀ ಜಾಗರಣೆ ಮಾಡಿಸಿ, ಬೆಳಿಗ್ಗೆ ಅಜಾಗರೂಕ ಎಂದು ಬರೆಯುವುದು ಯಾವ ನ್ಯಾಯ?

ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಮಂದಿ ಸತ್ತರು. ಆ ವರದಿಯಲ್ಲಿ ಅತಿವೇಗ, ಕುಡಿತ, ಮೊಬೈಲ್, ರಾಂಗ್ ಸೈಡ್, ಸಿಗ್ನಲ್ ಜಿಗಿತ ಎಂದು ಕಾರಣಗಳಿಗೆ ಬೇರೆಬೇರೆ ಕಲಂ ಇದೆ. ನಿದ್ದೆಗೆ ಕಲಂ ಇಲ್ಲ. ಕುಡಿತವನ್ನು ಊದಿಸಿ ಅಳೆಯಬಹುದು. ನಿದ್ದೆಯನ್ನು ಅಳೆಯುವ ಯಂತ್ರ ಪೊಲೀಸರ ಕೈಯಲ್ಲಿಲ್ಲ. ಲೆಕ್ಕಕ್ಕೆ ಬಾರದ್ದು ಕಣ್ಣಿಗೂ ಬೀಳುವುದಿಲ್ಲ. ಆದರೆ 2020ರಲ್ಲಿ ಸೇವ್‌ಲೈಫ್ ಫೌಂಡೇಶನ್ ಲಾರಿ ಚಾಲಕರನ್ನೇ ಮಾತಾಡಿಸಿ ಒಂದು ಸಮೀಕ್ಷೆ ಹೊರತಂದಿತು. ದಣಿವು, ನಿದ್ದೆ ಇದ್ದರೂ ಗಾಡಿ ಓಡಿಸುತ್ತೇವೆ ಎಂದು ಸುಮಾರು ಅರ್ಧದಷ್ಟು ಮಂದಿ ಒಪ್ಪಿಕೊಂಡರು.

ಈಗ ಸ್ವಲ್ಪ ವಿಜ್ಞಾನ. ಮಕ್ಕಳು ಗಮನವಿಟ್ಟು ಕೇಳಬೇಕು. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವನ ಕೈ ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಎಚ್ಚರವಿದ್ದರೆ ಅದು ಶೇಕಡಾ 0.10 ಮದ್ಯಕ್ಕೆ ಸಮ. ನಮ್ಮ ದೇಶದಲ್ಲಿ ಚಾಲಕನಿಗೆ ಕಾನೂನಿನ ಮಿತಿ ಶೇಕಡಾ 0.03. ಅಂದರೆ, ಬೆಳಿಗ್ಗೆ ಐದಕ್ಕೆ ಎದ್ದವನು ರಾತ್ರಿ ಹತ್ತರ ನಂತರವೂ ಸ್ಟೇರಿಂಗ್ ಹಿಡಿದಿದ್ದರೆ, ತೊಟ್ಟು ಹೆಂಡ ಮುಟ್ಟದಿದ್ದರೂ ಅವನ ಕೈ ಕುಡಿದವನ ಕೈ.

ನಿದ್ದೆ ಬರುವ ಮುಂಚೆ ಹೇಳಿ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಪೂರ್ತಿ ನಿಜವಲ್ಲ. ಮಿದುಳು ತೀರಾ ದಣಿದಾಗ ಎರಡು, ಮೂರು, ನಾಲ್ಕು ಸೆಕೆಂಡಿನ ತುಣುಕು ನಿದ್ದೆಗೆ ಜಾರುತ್ತದೆ. ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತದೆ. ನಿದ್ದೆ ಹೋದದ್ದು ಅವನಿಗೇ ತಿಳಿಯುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಲಾರಿ ನಾಲ್ಕು ಸೆಕೆಂಡಿನಲ್ಲಿ ಸುಮಾರು 67 ಮೀಟರ್ ಹೋಗುತ್ತದೆ. ಐದು ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಜೋಡಿಸಿದಷ್ಟು ದೂರ, ಇಪ್ಪತ್ತು ಮೂವತ್ತು ಟನ್ ತೂಕ, ಚಾಲಕನಿಲ್ಲದೆ. ಬ್ರೇಕಿನ ಗುರುತು ಕಾಣದಿರುವುದು ಇದಕ್ಕೇ.

ದೇಹದೊಳಗೆ ಒಂದು ಗಡಿಯಾರವೂ ಇದೆ. ನಡುರಾತ್ರಿ ಎರಡರಿಂದ ಬೆಳಗಿನ ಜಾವ ಐದಾರರವರೆಗೆ, ಮತ್ತೆ ಮಧ್ಯಾಹ್ನ ಊಟದ ನಂತರ ಎರಡರಿಂದ ನಾಲ್ಕರವರೆಗೆ ಅದು ಮಲಗು ಎನ್ನುತ್ತದೆ. ಇಪ್ಪತ್ತು ವರ್ಷದ ಅನುಭವ ಇದ್ದರೂ ಆ ಗಡಿಯಾರ ಬದಲಾಗುವುದಿಲ್ಲ. "ಹಸಿದವನಿಗೆ ರುಚಿ ಬೇಡ, ನಿದ್ದೆಗೆಟ್ಟವನಿಗೆ ಹಾಸಿಗೆ ಬೇಡ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಿದ್ದೆ ಬೇಕೆಂದಾಗ ಅದು ಸೀಟನ್ನೂ ಹಾಸಿಗೆ ಮಾಡಿಕೊಳ್ಳುತ್ತದೆ.

ಹಾಗಾದರೆ ಕಾನೂನು ಇಲ್ಲವೇ? ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ದೂರದ ದಾರಿಗೆ ಹೆಚ್ಚೆಂದರೆ ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತ 9 ಗಂಟೆ ವಿಶ್ರಾಂತಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮೂ ಇದನ್ನೇ ಎತ್ತಿಹಿಡಿಯಿತು. ಆದರೆ 1961ರ ಕಾಯ್ದೆ ಬರೆದದ್ದು ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಸಾಲ ಮಾಡಿ ಒಂದು ಲಾರಿ ಕೊಂಡು ತಾನೇ ಓಡಿಸುವ ನಮ್ಮ ಹುಡುಗ ಅದರ ಹೊರಗೇ ಉಳಿದ. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವೂ ಒಂದು ಕಾಲದಲ್ಲಿತ್ತು. 2018ರಲ್ಲಿ ಅದನ್ನು ತೆಗೆದರು.

ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ಗಾಡಿಯೊಳಗಿನ ಟ್ಯಾಕೋಗ್ರಾಫ್ ಎಂಬ ಯಂತ್ರ ಅದನ್ನು ಬರೆದಿಡುತ್ತದೆ. ಅಮೆರಿಕದಲ್ಲಿ ಸತತ ಹತ್ತು ಗಂಟೆ ವಿಶ್ರಾಂತಿಯ ನಂತರ 11 ಗಂಟೆಗಿಂತ ಹೆಚ್ಚು ಸರಕು ಲಾರಿ ಓಡಿಸುವಂತಿಲ್ಲ. ಅಲ್ಲಿಯ ಚಾಲಕನ ದೇಹ ನಮ್ಮವನ ದೇಹಕ್ಕಿಂತ ಬೇರೆಯಲ್ಲ.

ಒಂದು ಲೆಕ್ಕ ಹಾಕೋಣ. ಬೆಂಗಳೂರಿನಿಂದ ಮುಂಬೈ ಸುಮಾರು ಸಾವಿರ ಕಿಲೋಮೀಟರ್. ತುಂಬಿದ ಲಾರಿಗೆ ಸರಾಸರಿ ಗಂಟೆಗೆ 40 ಎಂದಿಟ್ಟರೂ 25 ಗಂಟೆ ಸ್ಟೇರಿಂಗ್. ದಿನಕ್ಕೆ ಹತ್ತು ಗಂಟೆಯಂತೆ ಎರಡೂವರೆ ದಿನದ ದಾರಿ. "ನಾಳೆ ಸಂಜೆಗೆ ಮಾಲು ಮುಟ್ಟಬೇಕು" ಎಂದು ಹೇಳುವ ವರ್ತಕರು, ಟ್ರಾನ್ಸ್‌ಪೋರ್ಟ್ ಆಫೀಸಿನವರು ಒಬ್ಬನೇ ಡ್ರೈವರನಿಂದ ಏನನ್ನು ಕೇಳುತ್ತಿದ್ದಾರೆ ಎಂಬುದನ್ನು ಐದನೇ ಕ್ಲಾಸಿನ ಮಗುವೂ ಹೇಳೀತು. ತಡವಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಫೈನಾನ್ಸಿನ ಕಂತು ಕಾಯುವುದಿಲ್ಲ.

ನನ್ನ ವೃತ್ತಿಯಿಂದ ಕಂಡ ಇನ್ನೊಂದು ಮಾತು. ಗಾಡಿ ಓಡದಿದ್ದರೆ ಪರದೆಯ ಮೇಲೆ 'ನಿಂತಿದೆ' ಎಂದು ಬರುತ್ತದೆ. ನೋಡಿದವರು ಡ್ರೈವರ್ ಆರಾಮಾಗಿದ್ದಾನೆ ಎಂದುಕೊಳ್ಳುತ್ತಾರೆ. ಅವನು ಗೋದಾಮಿನ ಸರದಿಯಲ್ಲಿರುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಗಾಡಿ ಮುಂದೆ ಸರಿಸಬೇಕು, ಟಾರ್ಪಾಲು ಬಿಚ್ಚಬೇಕು, ಹಮಾಲರ ಜೊತೆ ಇರಬೇಕು, ಡೀಸೆಲ್ ಕಳುವಾಗದಂತೆ ಕಾಯಬೇಕು. ನಿಂತ ಲಾರಿ ಬೇರೆ, ಮಲಗಿದ ಡ್ರೈವರ್ ಬೇರೆ. ಈಗ ಕಣ್ಣೆವೆ ಎಷ್ಟು ಹೊತ್ತು ಮುಚ್ಚಿದೆ ಎಂದು ಕ್ಯಾಮೆರಾದಿಂದ ಅಳೆದು ಗಂಟೆ ಬಾರಿಸುವ ಯಂತ್ರಗಳು ಬಂದಿವೆ. ಒಳ್ಳೆಯದೇ. ಆದರೆ ಯಂತ್ರ ಗಂಟೆ ಬಾರಿಸಬಲ್ಲದು, ನಿದ್ದೆ ಕೊಡಲಾರದು.

ಡ್ರೈವರ್ ಅಣ್ಣತಮ್ಮಂದಿರಿಗೆ ನಾಲ್ಕು ಮಾತು. ಮೇಲಿಂದ ಮೇಲೆ ಆಕಳಿಕೆ, ಬಿಳಿ ಗೆರೆ ದಾಟುವ ಚಕ್ರ, ಈಗ ದಾಟಿದ ಊರು ಯಾವುದೆಂದು ನೆನಪಾಗದಿರುವುದು, ಇವು ಕೊನೆಯ ಎಚ್ಚರಿಕೆ. ಜೋರು ಹಾಡು, ಗುಟ್ಕಾ, ಮುಖಕ್ಕೆ ನೀರು ಕೆಲವು ನಿಮಿಷ ನಿದ್ದೆಯನ್ನು ಮುಂದೂಡಬಹುದು, ಓಡಿಸಲಾರವು. ಟೀ ಕಾಫಿ ಕೆಲಸ ಮಾಡಲು ಅರ್ಧ ಗಂಟೆ ಬೇಕು. ಆದ್ದರಿಂದ ಟೀ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗಿ. ಎದ್ದ ಮೇಲೆ ಹತ್ತು ನಿಮಿಷ ಓಡಾಡಿ ಗಾಡಿ ಹತ್ತಿ. ಅದೂ ತಾತ್ಕಾಲಿಕವೇ. ರಾತ್ರಿಯ ನಿದ್ದೆಗೆ ಬದಲಿ ಇಲ್ಲ. ಶೀತ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ನಾನು ಡ್ರೈವರ್ ಎಂದು ವೈದ್ಯರಿಗೆ, ಔಷಧಿ ಅಂಗಡಿಯವರಿಗೆ ಮೊದಲೇ ಹೇಳಿ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರು ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುತ್ತಾರೆ. ಅದು ಸೋಮಾರಿತನವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಮನೆಯ ಹೆಣ್ಣುಮಕ್ಕಳೇ ಇದನ್ನು ಮೊದಲು ಗುರುತಿಸುವವರು. ಗಾಡಿ ನಿಲ್ಲಿಸುವಾಗ ರಸ್ತೆಯಂಚಿನಲ್ಲಿ ನಿಲ್ಲಿಸಬೇಡಿ. ಬಂಕ್, ಡಾಬಾ, ಲಾರಿ ನಿಲ್ದಾಣ ಹುಡುಕಿ. ಕೆಟ್ಟು ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ, ಹೊಳೆಯುವ ತ್ರಿಕೋನ ಇಡಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಕಲ್ಲು, ಸೊಪ್ಪು ಇಟ್ಟು ಹೋಗುವ ಪದ್ಧತಿ ಸಾಕು.

ಮಾಲೀಕರಲ್ಲಿ, ವರ್ತಕರಲ್ಲಿ, ರೈತ ಬಂಧುಗಳಲ್ಲಿ ಒಂದು ಮಾತು. ಫೋನ್ ಮಾಡಿದಾಗ "ಎಲ್ಲಿದ್ದೀಯಾ?" ಎಂದು ಕೇಳುವ ಮೊದಲು "ನಿದ್ದೆ ಆಯ್ತಾ?" ಎಂದು ಕೇಳಿ. "ಆಗಿಲ್ಲ" ಎಂದರೆ "ಮಲಗಿ ಬಾ" ಎನ್ನಿ, ಬಾಡಿಗೆ ಮುರಿಯಬೇಡಿ. ಈಗ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ತೈಲ ಕಂಪನಿಗಳು ಕೆಲವು ಬಂಕ್‌ಗಳಲ್ಲಿ 'ಅಪ್ನಾ ಘರ್' ಹೆಸರಿನಲ್ಲಿ ಚಾಲಕರಿಗೆ ಮಲಗುವ, ಸ್ನಾನದ ವ್ಯವಸ್ಥೆ ಮಾಡಿವೆ. ಸರ್ಕಾರ, ಕಂಪನಿಗಳು ಮಾಡುವುದನ್ನು ಮಾಡಲಿ. ನಾವೇನು ಮಾಡಬಹುದು?

ನನ್ನ ಬ್ಯಾಚಿನ ಗೆಳೆಯರು ಕೂತು ಮಾತಾಡಿದ್ದೇವೆ. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಪಂಚಾಯಿತಿಯ ಖಾಲಿ ಜಾಗವಿದೆ. ಅಲ್ಲಿ ನಾಲ್ಕು ಲಾರಿ ನಿಲ್ಲುವಷ್ಟು ನೆಲ ಸಮ ಮಾಡಿ, ಒಂದು ಶೆಡ್ಡು, ಹತ್ತು ಮಂಚ, ಕುಡಿಯುವ ನೀರು, ಶೌಚಾಲಯ, ಒಂದು ದೀಪ. ಇಷ್ಟೇ. ಹಣವನ್ನು ಹಳೆಯ ವಿದ್ಯಾರ್ಥಿಗಳು ಹೊಂದಿಸುತ್ತೇವೆ. ಜಾಗಕ್ಕೆ ಪಂಚಾಯಿತಿಯ ಒಪ್ಪಿಗೆ, ಕಾವಲಿಗೆ ಊರಿನ ಸಹಕಾರ ಬೇಕು. ಗೊತ್ತುಗುರಿಯಿಲ್ಲದ ಲಾರಿಗಳು ಊರ ಬಾಗಿಲಿಗೆ ಬಂದರೆ ಗಲಾಟೆ ಆದೀತು ಎಂದು ಕೆಲವು ಹಿರಿಯರು ಹೇಳಿದ್ದಾರೆ. ಅವರ ಆತಂಕ ಸುಳ್ಳಲ್ಲ. ನಿಯಮ ನೀವೇ ಮಾಡಿ, ಒಂದು ವರ್ಷ ನೋಡೋಣ, ತೊಂದರೆಯಾದರೆ ಮುಚ್ಚೋಣ. ನಮ್ಮ ಹುಡುಗರು ಯಾವುದೋ ರಾಜ್ಯದ ಯಾವುದೋ ಊರ ಬಾಗಿಲಲ್ಲಿ ಮಲಗಲು ಜಾಗ ಹುಡುಕುತ್ತಿರುತ್ತಾರೆ ಎಂಬುದನ್ನು ಮಾತ್ರ ತೀರ್ಮಾನಿಸುವಾಗ ನೆನೆಯಿರಿ.

ಈ ವಿಷಯ ಬರುವ ಗ್ರಾಮಸಭೆಗೆ ಬರುತ್ತದೆ. ದಯವಿಟ್ಟು ಎಲ್ಲರೂ ಬನ್ನಿ.